ಕಚೇರಿಗೂ ಮನೆಗೂ ಒಂದೇ ಫೋನ್: ಎರಡು ಫೋನ್‌ಗಳ ನಡುವೆ ಆಯ್ಕೆ ಮಾಡುವುದು ಹೇಗೆ?

ಹಳೆಯ ಕೆಲಸ ಬಿಟ್ಟ ದಿನ ಸಂಜೆ, ಮೇಜಿನ ಮೇಲಿದ್ದ ನನ್ನ ಫೋನ್ ತಾನಾಗಿಯೇ ಆಫ್ ಆಗಿ ಆನ್ ಆಯಿತು. ಪರದೆಯ ಮೇಲೆ 'ಸ್ವಾಗತ, ಭಾಷೆ ಆರಿಸಿ' ಎಂಬ ಸಾಲು. ಹೊಸ ಫೋನನ್ನು ಪೆಟ್ಟಿಗೆಯಿಂದ ತೆಗೆದಾಗ ಕಾಣಬೇಕಾದ ಸಾಲು ಅದು; ಎರಡು ವರ್ಷ ಬಳಸಿದ ಫೋನಿನಲ್ಲಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಫೋನಿಗೆ ದುಡ್ಡು ಕೊಟ್ಟಿದ್ದು ನಾನೇ. ಆದರೆ ಕಚೇರಿಯ ಮೇಲ್ ಹಾಕಿಕೊಳ್ಳುವಾಗ ಬಂದ ಉದ್ದನೆಯ ಒಪ್ಪಿಗೆಯನ್ನು ಓದದೆ ಒತ್ತಿದ್ದೂ ನಾನೇ. ಬೇಕೆಂದಾಗ ಇಡೀ ಫೋನನ್ನು ದೂರದಿಂದಲೇ ಅಳಿಸುವ ಅಧಿಕಾರವನ್ನು ಆ ಒಂದು ಒತ್ತಿನಲ್ಲಿ ಕಚೇರಿಗೆ ಬರೆದುಕೊಟ್ಟಿದ್ದೆ. ನನ್ನ ಖಾತೆ ಮುಚ್ಚುವಾಗ ಅಲ್ಲಿ ಯಾರೋ ಆ ಅಧಿಕಾರವನ್ನು ಬಳಸಿದರು. ಹತ್ತೊಂಬತ್ತು ದಿನಗಳ ಫೋಟೊ ಹೋಯಿತು. 'ಬ್ಯಾಕಪ್ ಜಾಗ ತುಂಬಿದೆ' ಎಂಬ ಎಚ್ಚರಿಕೆಯನ್ನು ಅಷ್ಟೂ ದಿನ ಬೆರಳಿನಿಂದ ಬದಿಗೆ ಸರಿಸುತ್ತಲೇ ಇದ್ದೆ.

ಫೋನ್ ಆರಿಸುವ ಬಗ್ಗೆ ಬರೆಯುವವರು ಕ್ಯಾಮೆರಾದಿಂದ ಶುರು ಮಾಡುವುದು ವಾಡಿಕೆ. ನಾನು ಈ ಪ್ರಸಂಗದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಒಂದೇ ದರ್ಜೆಯ ಎರಡು ಫೋನ್‌ಗಳನ್ನು ಅಕ್ಕಪಕ್ಕ ಇಟ್ಟರೆ ಚಿತ್ರದಲ್ಲಿ, ವೇಗದಲ್ಲಿ, ಪರದೆಯ ಹೊಳಪಿನಲ್ಲಿ ಇರುವುದು ಕೂದಲೆಳೆಯಷ್ಟು ವ್ಯತ್ಯಾಸ. ಕೆಲಸ ಮತ್ತು ಸ್ವಂತ ಬದುಕು ಒಂದೇ ಫೋನಿನಲ್ಲಿ ಸಂಸಾರ ಹೂಡಿದಾಗ ನಡುವಿನ ಗೋಡೆ ಎಲ್ಲಿರುತ್ತದೆ, ಅದರ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬಲ್ಲಿ ಮಾತ್ರ ಫೋನಿನಿಂದ ಫೋನಿಗೆ ಅಜಗಜಾಂತರ.

ಹೆಜ್ಜೆ 1: ಒಂದು ವಾರದ ಲೆಕ್ಕ ಬರೆಯಿರಿ

ಯಾವ ಫೋನ್ ಎಂದು ಹುಡುಕುವ ಮೊದಲು, ಈಗಿರುವ ಫೋನಿನಲ್ಲಿ ನೀವು ನಿಜವಾಗಿ ಮಾಡುವುದೇನು ಎಂದು ನೋಡಿ. ಆ್ಯಂಡ್ರಾಯ್ಡ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನ್‌ನಲ್ಲಿ 'ಸ್ಕ್ರೀನ್ ಟೈಮ್' ಎಂಬ ಲೆಕ್ಕದ ಪುಟ ಸೆಟ್ಟಿಂಗ್ಸ್ ಒಳಗೇ ಇರುತ್ತದೆ. ಅದನ್ನು ಮುಂದಿಟ್ಟುಕೊಂಡು ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಕೆಲಸ, ಸ್ವಂತ, ಎರಡೂ.

ನನ್ನ ಹಾಳೆ ನನಗೇ ಪಾಠ ಹೇಳಿತು. ಒಳ್ಳೆಯ ಕ್ಯಾಮೆರಾ ಇಲ್ಲದೆ ಆಗುವುದಿಲ್ಲ ಎಂದು ನಂಬಿಕೊಂಡಿದ್ದೆ. ಆ ವಾರ ತೆಗೆದ ಫೋಟೊಗಳಲ್ಲಿ ಮುಕ್ಕಾಲು ಪಾಲು ರಸೀದಿ, ಸಭೆಯ ಹಲಗೆಯ ಮೇಲಿನ ಬರಹ ಮತ್ತು ಮೀಟರ್ ರೀಡಿಂಗ್. ಅವುಗಳಿಗೆ ಎಂಥ ಕ್ಯಾಮೆರಾ ಆದರೂ ಸಾಕು. ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಕೆಲಸವೊಂದು ದಿನಕ್ಕೆ ಹತ್ತು ಹದಿನೈದು ಬಾರಿ ಬರುತ್ತಿತ್ತು: ಮೇಲ್‌ನಲ್ಲಿ ಬಂದ ಪಿಡಿಎಫ್ ತೆರೆದು, ಸಹಿ ಹಾಕಿ, ಮತ್ತೊಬ್ಬರಿಗೆ ಕಳುಹಿಸುವುದು.

ಹಾಳೆಯಲ್ಲಿ ಮೂರನೆಯ ಕಲಂ ಮುಖ್ಯ. ಕ್ಯಾಲೆಂಡರ್, ವಾಟ್ಸ್ಆ್ಯಪ್, ಸಂಪರ್ಕ ಪಟ್ಟಿ, ಫೋಟೊ ಇವು ಸಾಮಾನ್ಯವಾಗಿ ಅಲ್ಲಿ ಬಂದು ಕೂರುತ್ತವೆ. ಮಗುವಿನ ಫೋಟೊ ಕಳುಹಿಸಲು ಹೋಗಿ ಗ್ರಾಹಕರ ಗುಂಪಿಗೆ ಕಳುಹಿಸುವುದು, ವ್ಯವಸ್ಥಾಪಕರಿಗೆ ಹೋಗಬೇಕಾದ ಸಂದೇಶ ಅತ್ತಿಗೆಗೆ ಹೋಗುವುದು, ಎಲ್ಲ ಆಗುವುದು ಇದೇ ಕಲಂನಲ್ಲಿ.

ಹೆಜ್ಜೆ 2: ಕಚೇರಿಯನ್ನು ಕೇಳಿ, ಬರಹದಲ್ಲಿ

ಈ ಹೆಜ್ಜೆಯನ್ನು ಬಹುತೇಕರು ಹಾರಿಸಿಬಿಡುತ್ತಾರೆ. ಕಂಪ್ಯೂಟರ್ ವಿಭಾಗಕ್ಕೆ ಒಂದು ಮೇಲ್ ಬರೆದು ಇಷ್ಟು ಕೇಳಿ. ನನ್ನ ಸ್ವಂತ ಫೋನಿನಲ್ಲಿ ಕಚೇರಿಯ ಖಾತೆ ಹಾಕಿಕೊಂಡರೆ ನಿಮಗೆ ಏನೇನು ಕಾಣುತ್ತದೆ? ಏನನ್ನು ಅಳಿಸಬಲ್ಲಿರಿ, ಕಚೇರಿಯ ಭಾಗವನ್ನು ಮಾತ್ರವೋ ಇಡೀ ಫೋನನ್ನೋ? ಎಷ್ಟು ಹಳೆಯ ಸಾಫ್ಟ್‌ವೇರ್ ಇರುವ ಫೋನನ್ನು ಒಪ್ಪುತ್ತೀರಿ? ಕೆಲಸ ಬಿಟ್ಟಾಗ ಏನಾಗುತ್ತದೆ? ಬರಹದಲ್ಲಿ ಉತ್ತರ ಸಿಕ್ಕಿತೆಂದರೆ ಅರ್ಧ ಆಯ್ಕೆ ಮುಗಿದಂತೆ.

ಈಗ ಆ್ಯಂಡ್ರಾಯ್ಡ್, ಐಫೋನ್ ಎಂಬ ಎರಡು ಮನೆತನಗಳು ಗೋಡೆಯನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ನೋಡೋಣ.

ಆ್ಯಂಡ್ರಾಯ್ಡ್‌ನಲ್ಲಿ ಇದಕ್ಕೆ 'ವರ್ಕ್ ಪ್ರೊಫೈಲ್' ಎನ್ನುತ್ತಾರೆ. 2014ರ ಆ್ಯಂಡ್ರಾಯ್ಡ್ 5.0ಯಿಂದ ಇದೆ. ಕಚೇರಿಯ ಆ್ಯಪ್‌ಗಳು ಪ್ರತ್ಯೇಕ ಕೋಣೆಯಲ್ಲಿ ಇರುತ್ತವೆ. ಅವುಗಳ ಚಿತ್ರದ ಮೂಲೆಯಲ್ಲಿ ಪುಟ್ಟ ಬ್ರೀಫ್‌ಕೇಸ್ ಗುರುತು. ಒಂದೇ ಆ್ಯಪ್ ಎರಡು ಬಾರಿ ಇರಬಹುದು, ಸ್ವಂತದ್ದೊಂದು, ಕಚೇರಿಯದೊಂದು. ಒಂದರ ಮಾಹಿತಿ ಇನ್ನೊಂದಕ್ಕೆ ಕಾಣುವುದಿಲ್ಲ. ಕಚೇರಿಯವರು ಅಳಿಸಿದರೆ ಆ ಕೋಣೆ ಮಾತ್ರ ಖಾಲಿಯಾಗುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಒಂದು ಸ್ವಿಚ್ ಒತ್ತಿದರೆ ಇಡೀ ಕೋಣೆಯೇ ನಿದ್ದೆ ಹೋಗುವುದು. ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ಮರುದಿನ ಎಬ್ಬಿಸುವವರೆಗೆ ಒಂದು ಸೂಚನೆಯೂ ಬರುವುದಿಲ್ಲ.

ಐಫೋನ್ ಈ ಗೋಡೆಯನ್ನು ಕಣ್ಣಿಗೆ ಕಾಣದಂತೆ ಕಟ್ಟುತ್ತದೆ. ಅದರ ಸಾಫ್ಟ್‌ವೇರ್ ಆದ ಐಒಎಸ್‌ನ 2019ರ 13ನೆಯ ಆವೃತ್ತಿಯಿಂದ 'ಯೂಸರ್ ಎನ್‌ರೋಲ್‌ಮೆಂಟ್' ಎಂಬ ವ್ಯವಸ್ಥೆ ಇದೆ. ಕಚೇರಿಯ ಮಾಹಿತಿ ಫೋನಿನ ಸಂಗ್ರಹದಲ್ಲಿ ಬೇರೆಯೇ ಭಾಗದಲ್ಲಿ, ಬೇರೆ ಗೂಢಲಿಪಿ ಕೀಲಿಯ ಅಡಿಯಲ್ಲಿ ಕೂರುತ್ತದೆ. ಈ ವ್ಯವಸ್ಥೆಯಲ್ಲಿ ಇಡೀ ಫೋನನ್ನು ಅಳಿಸುವ ಅಧಿಕಾರ ಕಚೇರಿಗೆ ಇಲ್ಲ. ಭದ್ರತೆಯಲ್ಲಿ ಆ್ಯಂಡ್ರಾಯ್ಡ್‌ಗೆ ಇದು ಎಳ್ಳಷ್ಟೂ ಕಡಿಮೆಯಲ್ಲ. ಆದರೆ ಬಳಸುವವರಿಗೆ ಗೋಡೆ ಕಾಣುವುದಿಲ್ಲ: ಮೇಲ್ ಆ್ಯಪ್ ಒಂದೇ, ಕ್ಯಾಲೆಂಡರ್ ಒಂದೇ, ಎರಡೂ ಬದುಕು ಒಂದೇ ಪಟ್ಟಿಯಲ್ಲಿ. 2021ರ ಐಒಎಸ್ 15ರಲ್ಲಿ ಬಂದ 'ಫೋಕಸ್' ಬಳಸಿ ಸಂಜೆ ಕಚೇರಿಯ ಸೂಚನೆಗಳನ್ನು ಮೌನವಾಗಿಸಬಹುದು. ಮೌನವಾದ ಆ್ಯಪ್ ಎಚ್ಚರವಾಗಿಯೇ ಇರುತ್ತದೆ. ತೆರೆದರೆ ಮೇಲ್ ಎದುರಿಗೇ ನಿಲ್ಲುತ್ತದೆ. ಮನಸ್ಸು ಗಟ್ಟಿ ಇರುವವರಿಗೆ ಇಷ್ಟು ಸಾಕು. ನನ್ನದು ಅಷ್ಟು ಗಟ್ಟಿಯಲ್ಲ.

ಎರಡರಲ್ಲೂ ಒಂದು ಎಚ್ಚರ ಬೇಕು. ಈ ವ್ಯವಸ್ಥೆಗಳು ಇವೆ ಎಂದ ಮಾತ್ರಕ್ಕೆ ನಿಮ್ಮ ಕಚೇರಿ ಅವನ್ನೇ ಬಳಸುತ್ತದೆ ಎಂದೇನಿಲ್ಲ. ಹಳೆಯ ರೀತಿಯಲ್ಲಿ, ಮೇಲ್ ಖಾತೆಯ ಜೊತೆಗೇ ಇಡೀ ಫೋನಿನ ಮೇಲೆ ಅಧಿಕಾರ ಕೇಳುವ ಕಚೇರಿಗಳು ಇವೆ. ನಾನು ಬಿದ್ದದ್ದು ಅದೇ ಹಳ್ಳಕ್ಕೆ. ಈಗಿನ ಫೋನಿನಲ್ಲೇ ಪರೀಕ್ಷಿಸಿ: ಐಫೋನ್‌ನಲ್ಲಿ 'ಜನರಲ್' ಒಳಗೆ 'ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್', ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ 'ಡಿವೈಸ್ ಅಡ್ಮಿನ್' ಎಂದು ಹಾಕಿ. ಅಲ್ಲಿ ಯಾರ ಹೆಸರಿದೆಯೋ ಅವರಿಗೆ ನಿಮ್ಮ ಫೋನಿನ ಮೇಲೆ ಹಕ್ಕಿದೆ.

ಫೋನನ್ನು ಕಚೇರಿಯೇ ಕೊಡುತ್ತದೆ ಎಂದಾದರೆ ಮಾತೇ ಬೇರೆ. ಅದು ಅವರದು. ಅದರಲ್ಲಿ ಮನೆಯ ಒಂದು ಫೋಟೊವನ್ನೂ ಇಡಬೇಡಿ. ಆಗ ಸ್ವಂತಕ್ಕೆ ಸಾಧಾರಣ ಫೋನೊಂದನ್ನು ಕೊಂಡು ಎರಡು ಫೋನ್ ಹೊತ್ತು ತಿರುಗುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಜ್ಜೆ 3: ಎರಡು ನಂಬರ್, ಒಂದು ವಾಟ್ಸ್ಆ್ಯಪ್

ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಂಡವರು ಎರಡು ವಿಷಯ ನೋಡಬೇಕು. ಮೊದಲನೆಯದು ಸಿಮ್. ಎರಡು ಪ್ಲಾಸ್ಟಿಕ್ ಸಿಮ್, ಒಂದು ಸಿಮ್ ಜೊತೆ ಒಂದು ಇ-ಸಿಮ್ (ಫೋನಿನೊಳಗೇ ಇರುವ, ಹಾಕಿ ತೆಗೆಯಬೇಕಿಲ್ಲದ ಸಿಮ್), ಅಥವಾ ಎರಡೂ ಇ-ಸಿಮ್, ಹೀಗೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಅದೇ ಹೆಸರಿನ ಫೋನ್ ಬೇರೆ ದೇಶದಲ್ಲಿ ಬೇರೆ ರೀತಿ ಇರಬಹುದು: ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ. ಹೊರದೇಶದಿಂದ ತರಿಸುವವರು ಇದನ್ನು ಮರೆತು ಪೇಚಾಡುತ್ತಾರೆ.

ಎರಡನೆಯದು ವಾಟ್ಸ್ಆ್ಯಪ್. ಆ್ಯಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್ ಒಳಗೆ ಎರಡು ಖಾತೆ ಇಟ್ಟುಕೊಳ್ಳುವ ಸೌಲಭ್ಯವನ್ನು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಐಫೋನ್ ಬಳಸುವ ನನ್ನ ಗೆಳೆಯರು ಎರಡನೆಯ ನಂಬರಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಇದೇ ಹೆಚ್ಚು ಕ್ಷೇಮ, ಏಕೆಂದರೆ ಎರಡು ಆ್ಯಪ್‌ಗಳ ಗುರುತು ಬೇರೆ ಬೇರೆ. ಅತ್ತಿಗೆಗೆ ಹೋದ ಸಂದೇಶದ ಕಥೆ ಅಲ್ಲಿ ನಡೆಯುವ ಸಂಭವ ಕಡಿಮೆ.

ಹೆಜ್ಜೆ 4: ಆಯುಸ್ಸು ಎಣಿಸಿ

ಫೋನ್ ಹಾಳಾಗುವುದಕ್ಕಿಂತ ಮೊದಲು ಅದರ ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ. ಸ್ವಂತ ಬಳಕೆಗೆ ಇದನ್ನು ಕೆಲವರು ಕಡೆಗಣಿಸಬಹುದು, ಕಚೇರಿ ಕಡೆಗಣಿಸುವುದಿಲ್ಲ. ಅಪ್‌ಡೇಟ್ ನಿಂತ ಫೋನಿಗೆ ಒಂದು ಬೆಳಿಗ್ಗೆ ಕಚೇರಿಯ ಮೇಲ್ ಬರುವುದೇ ನಿಂತುಹೋಗುತ್ತದೆ, ಫೋನ್ ಕಲ್ಲಿನಂತೆ ಗಟ್ಟಿಯಾಗಿದ್ದರೂ.

2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಮೂರು ತಿಂಗಳ ನಂತರ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಸರಣಿಗೆ ಅದೇ ಮಾತು ಕೊಟ್ಟಿತು. ಆ್ಯಪಲ್ ಹಿಂದಿನಿಂದಲೂ ಇದರಲ್ಲಿ ಮುಂದು: 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತು. ಆದರೆ ಇವೆಲ್ಲ ಮೇಲ್ದರ್ಜೆಯ ಫೋನ್‌ಗಳ ಮಾತು. ಅದೇ ಕಂಪನಿಯ ಅಗ್ಗದ ಮಾದರಿಗೆ ಅದೇ ಭರವಸೆ ಇರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಮಾದರಿಯ ಹೆಸರು ಹಾಕಿಯೇ ಕಂಪನಿಯ ಪುಟದಲ್ಲಿ ನೋಡಿ.

ಲೆಕ್ಕದಲ್ಲಿ ಒಂದು ಮೋಸವಿದೆ. ವರ್ಷಗಳ ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯ ಫೋನನ್ನು ಎರಡು ವರ್ಷ ತಡವಾಗಿ ರಿಯಾಯಿತಿಯಲ್ಲಿ ಕೊಂಡರೆ ನಿಮ್ಮ ಪಾಲಿಗೆ ಉಳಿಯುವುದು ಎರಡೇ ವರ್ಷ. ಹೀಗೆ ಮಾಡಿ: ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ. ಅಗ್ಗದ್ದು ಎಂದುಕೊಂಡ ಫೋನ್ ದುಬಾರಿಯಾಗಿ ಕಾಣುವುದು ಇಲ್ಲಿಯೇ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮ ಇದನ್ನು ತಿರುಗಿಸಿ ಹಾಕಿದೆ: ಮಾದರಿಯ ಮಾರಾಟ ಕೊನೆಗೊಂಡ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ದೊರೆಯಬೇಕು ಎನ್ನುತ್ತದೆ ಅದು.

ಕಂಪನಿಯೇ ಮಾರುಕಟ್ಟೆ ಬಿಟ್ಟು ಹೋದರೆ? ಹೋದದ್ದುಂಟು. ಕೆಲಸದ ಫೋನ್ ಎಂದರೆ ಬ್ಲ್ಯಾಕ್‌ಬೆರಿಯೇ ಎಂಬ ಕಾಲವಿತ್ತು. 2022ರ ಜನವರಿ 4ರಂದು ಅದರ ಸ್ವಂತ ಸಾಫ್ಟ್‌ವೇರ್‌ನ ಫೋನ್‌ಗಳಿಗೆ ಸೇವೆ ನಿಂತಿತು. ಎಲ್‌ಜಿ 2021ರಲ್ಲಿ ಫೋನ್ ವ್ಯವಹಾರವನ್ನೇ ಬಿಡುವುದಾಗಿ ಘೋಷಿಸಿತು.

ಹೆಜ್ಜೆ 5: ಬ್ಯಾಟರಿ, ಕಿಂಡಿ, ಜಾಗ

ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂದು ಹೇಳುವ ಎಂಎಎಚ್ ಸಂಖ್ಯೆಯನ್ನು ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಹೋಲಿಸಬಹುದು. ಐಫೋನ್ ಮತ್ತು ಆ್ಯಂಡ್ರಾಯ್ಡ್ ನಡುವೆ ಹೋಲಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಚಿಪ್, ಪರದೆ, ಸಾಫ್ಟ್‌ವೇರ್ ಕುಡಿಯುವ ವಿದ್ಯುತ್ತು ಬೇರೆ ಬೇರೆ. ಎಷ್ಟು ಬಾರಿ ಚಾರ್ಜ್ ಮಾಡಿದ ಮೇಲೂ ಕಸುವು ಉಳಿಯುತ್ತದೆ ಎಂಬುದು ಒಳ್ಳೆಯ ಅಳತೆ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಪೂರ್ಣ ಚಾರ್ಜ್‌ಗಳ ನಂತರ ಮೂಲ ಸಾಮರ್ಥ್ಯದ 80 ಪ್ರತಿಶತ ಉಳಿಸಿಕೊಳ್ಳುವಂತೆ, ಐಫೋನ್ 15ರಿಂದ 1000 ಚಾರ್ಜ್‌ಗಳ ನಂತರ ಅಷ್ಟು ಉಳಿಸಿಕೊಳ್ಳುವಂತೆ ಮಾಡಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. ಮೇಲೆ ಹೇಳಿದ ಐರೋಪ್ಯ ನಿಯಮ 800 ಚಾರ್ಜ್ ಕೇಳುತ್ತದೆ. ಹೇಗೂ ಮೂರು ವರ್ಷಕ್ಕೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

2023ರ ಐಫೋನ್ 15ರಿಂದ ಎರಡೂ ಮನೆತನಕ್ಕೆ ಚಾರ್ಜರ್ ಸಿಕ್ಕಿಸಲು ಒಂದೇ ಯುಎಸ್‌ಬಿ-ಸಿ ಕಿಂಡಿ. ಕಿಂಡಿ ಒಂದೇ ಆದರೂ ಒಳಗಿನ ಕೊಳವೆಯ ಗಾತ್ರ ಬೇರೆ. ಐಫೋನ್ 15ರಲ್ಲಿ ಮಾಹಿತಿ ಹರಿಯುವುದು ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ಅದೇ ವರ್ಷದ 15 ಪ್ರೊನಲ್ಲಿ 10 ಗಿಗಾಬಿಟ್. ಆ್ಯಂಡ್ರಾಯ್ಡ್‌ನಲ್ಲಿ ಈ ಏರುಪೇರು ಇನ್ನೂ ಹೆಚ್ಚು. ಫೋನನ್ನು ಮಾನಿಟರಿಗೋ ಪ್ರೊಜೆಕ್ಟರಿಗೋ ಜೋಡಿಸುವ ಕೆಲಸ ನಿಮಗಿದ್ದರೆ, ಕಿಂಡಿ ಇದೆಯೇ ಎಂದು ಕೇಳಬೇಡಿ, ಅದರಿಂದ ಚಿತ್ರ ಹೊರಬರುತ್ತದೆಯೇ ಎಂದು ಕೇಳಿ. ಸ್ಯಾಮ್‌ಸಂಗ್‌ನ ಮೇಲ್ದರ್ಜೆಯ ಫೋನ್‌ಗಳಲ್ಲಿ 2017ರಿಂದ ಇರುವ 'ಡೆಕ್ಸ್' ಮಾನಿಟರ್ ಮೇಲೆ ಕಂಪ್ಯೂಟರಿನಂತೆ ಕಿಟಕಿಗಳನ್ನು ತೆರೆಯುತ್ತದೆ. ಲ್ಯಾಪ್‌ಟಾಪ್ ಬಿಟ್ಟು ಪ್ರಯಾಣಿಸುವವರಿಗೆ ಇದೊಂದೇ ಕಾರಣ ಸಾಕು, ಉಳಿದವರಿಗೆ ಬೇಕಾಗಿಲ್ಲ.

ಸಂಗ್ರಹದ ಜಾಗವನ್ನು ಧಾರಾಳವಾಗಿ ಕೊಳ್ಳಿ. ಐಫೋನ್‌ನಲ್ಲಿ ಮೆಮರಿ ಕಾರ್ಡ್ ಎಂದೂ ಇರಲಿಲ್ಲ. ಸ್ಯಾಮ್‌ಸಂಗ್ ತನ್ನ ಎಸ್ ಸರಣಿಯಲ್ಲಿ 2021ರಿಂದ ಕೈಬಿಟ್ಟಿದೆ. ಉಚಿತ ಕ್ಲೌಡ್ ಜಾಗ ಆ್ಯಪಲ್‌ನಲ್ಲಿ 5 ಜಿಬಿ, ಗೂಗಲ್‌ನಲ್ಲಿ ಮೇಲ್ ಎಲ್ಲ ಸೇರಿ 15 ಜಿಬಿ. ಕ್ಯಾಮೆರಾದ ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು: 48 ಮೆಗಾಪಿಕ್ಸೆಲ್ ಎಂದು ಬರೆದ ಫೋನ್ ಅನೇಕ ಸಲ ನಾಲ್ಕು ನಾಲ್ಕು ಬಿಂದುಗಳನ್ನು ಕೂಡಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಹೆಜ್ಜೆ 6: ಅರ್ಧ ಗಂಟೆ ಕೈಯಲ್ಲಿ ಹಿಡಿಯಿರಿ

ಪಟ್ಟಿ ಎರಡು ಫೋನ್‌ಗಳಿಗೆ ಇಳಿದ ಮೇಲೆ ಓದುವುದನ್ನು ನಿಲ್ಲಿಸಿ. ಅಂಗಡಿಯಲ್ಲೋ ಗೆಳೆಯರ ಬಳಿಯೋ ಎರಡನ್ನೂ ಹಿಡಿದು, ಮೊದಲ ಹೆಜ್ಜೆಯ ಹಾಳೆಯಲ್ಲಿ ಹೆಚ್ಚು ಬಾರಿ ಬರುವ ಕೆಲಸವನ್ನು ಮಾಡಿ ನೋಡಿ.

ನಾನು ಮಾಡಿದ್ದು ಹೀಗೆ. ನನಗೇ ಒಂದು ಪಿಡಿಎಫ್ ಕಳುಹಿಸಿಕೊಂಡೆ. ಎಡಗೈಯಲ್ಲಿ ಚೀಲ ಹಿಡಿದು, ಬಲಗೈಯೊಂದರಲ್ಲೇ ಫೋನ್ ಹಿಡಿದು, ಹೆಬ್ಬೆರಳಿನಿಂದ ಅದನ್ನು ತೆರೆದು ಸಹಿ ಹಾಕಿ ಮರಳಿ ಕಳುಹಿಸಲು ನೋಡಿದೆ. ದೊಡ್ಡ ಫೋನಿನಲ್ಲಿ ಹೆಬ್ಬೆರಳು ಮೇಲಿನ ಮೂಲೆಯ 'ಕಳುಹಿಸು' ಗುಂಡಿಯನ್ನು ಮುಟ್ಟಲೇ ಇಲ್ಲ. ಮುಟ್ಟಿಸಲು ಹೋಗಿ ಫೋನ್ ಅಂಗೈಯಿಂದ ಜಾರಿ ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. ಅಂಗಡಿಯವರು ಏನೂ ಅನ್ನಲಿಲ್ಲ, ನೋಡಿದರು ಅಷ್ಟೆ. ಎರಡು ವಾರ ಓದಿದ ವಿಮರ್ಶೆಗಳು ಹೇಳದ ಮಾತನ್ನು ಆ ಒಂದು ಕ್ಷಣ ಹೇಳಿತು.

ಆಮೇಲೆ ಕನ್ನಡದಲ್ಲಿ ಟೈಪ್ ಮಾಡಿ. 'ಸ್ವಾತಂತ್ರ್ಯ' ಎಂಬ ಪದವನ್ನು ಬರೆಯಿರಿ. ಒತ್ತಕ್ಷರಗಳು ಒಂದರ ಮೇಲೊಂದು ಹತ್ತದೆ ಸರಿಯಾಗಿ ಕೂತವೇ, ಎಷ್ಟು ಬೆರಳೊತ್ತು ಬೇಕಾಯಿತು ಎಂದು ಎಣಿಸಿ. ನೀವು ರೂಢಿಸಿಕೊಂಡ ಕೀಲಿಮಣೆಯ ವಿನ್ಯಾಸ ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನು ಮುಂದೆ ಪ್ರತಿ ಸಂದೇಶವೂ ತುಸು ಸಿಡುಕು ತರಿಸುತ್ತದೆ. ಬಿಸಿಲಿಗೆ ಬಂದು ಪರದೆ ಓದಿ. ಗದ್ದಲದಲ್ಲಿ ಕರೆ ಮಾಡಿ, ಆ ಕಡೆಯವರಿಗೆ ನಿಮ್ಮ ದನಿ ಹೇಗೆ ಕೇಳುತ್ತದೆ ಎಂದು ವಿಚಾರಿಸಿ. ನಿಮಗೆ ಅವರ ದನಿ ಹೇಗೆ ಕೇಳುತ್ತದೆ ಎಂಬುದನ್ನು ಎಲ್ಲರೂ ನೋಡುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ.

ಹೆಜ್ಜೆ 7: ಹೊರಬರುವ ದಾರಿ ನೋಡಿಕೊಂಡು ಒಳಹೋಗಿ

ಒಂದು ಮನೆತನದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ, ಏನೇನು ಹಿಂದೆ ಉಳಿಯುತ್ತದೆ ಎಂದು ಮೊದಲೇ ತಿಳಿಯಿರಿ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಆ ಕಡೆ ನಡೆಯುವುದಿಲ್ಲ. ಆ್ಯಪಲ್ ವಾಚ್ ಆ್ಯಂಡ್ರಾಯ್ಡ್ ಜೊತೆ ಮಾತಾಡುವುದಿಲ್ಲ. 2021ರ ಗ್ಯಾಲಕ್ಸಿ ವಾಚ್ 4ರಿಂದ ಸ್ಯಾಮ್‌ಸಂಗ್ ಗಡಿಯಾರಗಳಿಗೂ ಐಫೋನ್ ಜೊತೆ ಮಾತು ಬಿಟ್ಟಿದೆ. ಕೈಗಡಿಯಾರ ಕಟ್ಟಿದವರು ಫೋನ್ ಆರಿಸುತ್ತಿಲ್ಲ, ಗಡಿಯಾರವೇ ಅವರಿಗೆ ಫೋನ್ ಆರಿಸುತ್ತಿದೆ.

ವಾಟ್ಸ್ಆ್ಯಪ್ ಮಾತುಕತೆಗಳನ್ನು ಆ್ಯಂಡ್ರಾಯ್ಡ್‌ನಿಂದ ಐಫೋನ್‌ಗೆ ಒಯ್ಯಲು 2022ರಿಂದ 'ಮೂವ್ ಟು ಐಒಎಸ್' ಆ್ಯಪ್ ಮೂಲಕ ದಾರಿ ಇದೆ. ಆದರೆ ಐಫೋನ್ ಹೊಸದಾಗಿರುವಾಗ, ಮೊದಲ ಬಾರಿ ಅಣಿಗೊಳಿಸುವ ಹೊತ್ತಿನಲ್ಲೇ ಅದನ್ನು ಮಾಡಬೇಕು. ಆತುರದಲ್ಲಿ ಫೋನ್ ಶುರು ಮಾಡಿ, ಸಂಜೆ ವಾಟ್ಸ್ಆ್ಯಪ್ ನೆನಪಾದವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇಷ್ಟಾದ ಮೇಲೆ ಅಂಕ ಕೊಟ್ಟು ಕೂಡಿಸುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅಂಕದ ಪಟ್ಟಿಯಲ್ಲಿ ಕ್ಯಾಮೆರಾದ ಹತ್ತು ಅಂಕ ಸೇರಿ ಗೋಡೆಯ ಸೊನ್ನೆಯನ್ನು ಮುಚ್ಚಿಬಿಡುತ್ತದೆ. ಒಂದೊಂದಾಗಿ ಹೊಡೆದುಹಾಕಿ: ಕಚೇರಿ ಒಪ್ಪದ್ದು ಮೊದಲು, ಮೂರು ವರ್ಷದೊಳಗೆ ಅಪ್‌ಡೇಟ್ ನಿಲ್ಲುವುದು ಆಮೇಲೆ, ಕೈಯಲ್ಲಿ ಕೂರದ್ದು ಕೊನೆಗೆ. ಆಮೇಲೂ ಎರಡು ಉಳಿದರೆ, ಸಂಜೆ ಕಚೇರಿಯನ್ನು ಬಾಗಿಲು ಹಾಕಿ ಮಲಗಿಸಬೇಕು ಎನ್ನುವವರಿಗೆ ನನ್ನ ಮತ ಆ್ಯಂಡ್ರಾಯ್ಡ್. ಮನೆಯಲ್ಲೂ ಕಚೇರಿಯಲ್ಲೂ ಉಳಿದೆಲ್ಲ ಯಂತ್ರಗಳು ಆ್ಯಪಲ್‌ನವೇ ಆಗಿದ್ದರೆ ಹಟ ಮಾಡದೆ ಐಫೋನ್ ಕೊಳ್ಳಿ. ಎರಡೂ ಅಲ್ಲ ಎಂದಾದರೆ ಕಡಿಮೆ ಬೆಲೆಯದು.

ಹೆಜ್ಜೆ 8: ಮೊದಲ ದಿನ, ಮತ್ತು ಹಳೆಯ ಫೋನ್

ಹೊಸ ಫೋನಿನಲ್ಲಿ ಮೊದಲು ಸ್ವಂತ ಖಾತೆ ಹಾಕಿ, ಬ್ಯಾಕಪ್ ಆನ್ ಮಾಡಿ, ಒಂದು ಫೋಟೊ ತೆಗೆದು ಅದು ಕ್ಲೌಡ್‌ನಲ್ಲಿ ಕಾಣುತ್ತದೆಯೇ ಎಂದು ಬೇರೊಂದು ಕಂಪ್ಯೂಟರಿನಲ್ಲಿ ನೋಡಿ. ಕಚೇರಿಯ ಖಾತೆ ಆಮೇಲೆ. ಆ ಒಪ್ಪಿಗೆಯ ಪುಟ ಬಂದಾಗ ಈ ಸಲ ಓದಿ; 'ಎಲ್ಲ ಮಾಹಿತಿ ಅಳಿಸುವುದು' ಎಂಬ ಅರ್ಥದ ಸಾಲು ಕಂಡರೆ ನಿಲ್ಲಿಸಿ, ಎರಡನೆಯ ಹೆಜ್ಜೆಯಲ್ಲಿ ಬಂದ ಉತ್ತರದ ಜೊತೆ ತಾಳೆ ನೋಡಿ.

ಹಳೆಯ ಫೋನನ್ನು ಎರಡು ವಾರ ಅಳಿಸಬೇಡಿ, ಮಾರಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಲಾಗಿನ್ ಆಗುವಾಗ ಆರಂಕಿ ಸಂಖ್ಯೆ ಕೊಡುವ ಅಥೆಂಟಿಕೇಟರ್ ಆ್ಯಪ್ ಒಳಗಿನ ಖಾತೆಗಳು ತಾವಾಗಿ ಹೊಸ ಫೋನಿಗೆ ಬರುತ್ತವೆ ಎಂಬ ಭರವಸೆ ಬೇಡ. ಒಂದೊಂದನ್ನೂ ಹೊಸ ಫೋನಿನಲ್ಲಿ ತೆರೆದು ಖಚಿತ ಮಾಡಿಕೊಳ್ಳಿ. ಎಲ್ಲ ಬಂದಿದೆ ಎಂದು ನಾನು ಐದನೆಯ ದಿನವೇ ನಿಶ್ಚಿಂತೆಯಿಂದಿದ್ದೆ. ಹನ್ನೊಂದನೆಯ ದಿನ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ತೆರಿಗೆಯ ಖಾತೆಯೊಂದು ಆರಂಕಿ ಸಂಖ್ಯೆ ಕೇಳಿತು. ಅದು ಇದ್ದದ್ದು ಹಳೆಯ ಫೋನಿನಲ್ಲಿ ಮಾತ್ರ. ಫೋನ್ ಡ್ರಾಯರಿನಲ್ಲೇ ಇತ್ತು, ಚಾರ್ಜ್ ಇರಲಿಲ್ಲ. ಅದರ ಹಳೆಯ ಚಾರ್ಜರನ್ನು ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.